ಉಪ್ಪುಗಾಳಿಯ ಊರಿನಲ್ಲಿ ಎ.ಸಿ.ಯನ್ನು ಬೇಸಿಗೆಗೆ ಸಜ್ಜು ಮಾಡಿದ್ದು

ಕಾರವಾರದಲ್ಲಿ ಎ.ಸಿ. ಕೆಡುವುದು ಮಳೆಗಾಲದಲ್ಲಿ; ಕೆಟ್ಟಿದೆ ಎಂದು ಗೊತ್ತಾಗುವುದು ಏಪ್ರಿಲ್‌ನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಗಾಳಿ ತೆರೆಗಳ ತುಂತುರನ್ನು ಎತ್ತಿಕೊಂಡು ಊರೊಳಗೆ ಬರುತ್ತದೆ. ಆ ದಿನಗಳಲ್ಲಿ ಎ.ಸಿ.ಯನ್ನು ಯಾರೂ ಹಾಕುವುದಿಲ್ಲ, ಆ ಕಡೆ ಕಣ್ಣೆತ್ತಿ ನೋಡುವುದೂ ಇಲ್ಲ. ಹೊರಗಿನ ಯುನಿಟ್ ಮಾತ್ರ ನಾಲ್ಕು ತಿಂಗಳು ಉಪ್ಪುಗಾಳಿಗೆ ಮೈಯೊಡ್ಡಿ ನಿಂತಿರುತ್ತದೆ. ಹೋಳಿ ಹುಣ್ಣಿಮೆ ಕಳೆದು ಸೆಕೆ ಏರಿದ ಮೇಲೆ ರಿಮೋಟ್ ಒತ್ತಿದರೆ ಗಾಳಿ ಬರುತ್ತದೆ, ತಂಪು ಬರುವುದಿಲ್ಲ. ಆಗ ಮೆಕ್ಯಾನಿಕ್‌ಗಳಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಬಂದವರು ಫಿಲ್ಟರ್ ಕೊಡವಿ, ಗ್ಯಾಸ್ ತುಂಬಿಸಿ, ಮುಂದಿನ ಮನೆಗೆ ಓಡುತ್ತಾರೆ. ಅದಕ್ಕಾಗಿಯೇ ನಾನು ಶಿವರಾತ್ರಿಯ ಆಸುಪಾಸಿನಲ್ಲೇ ಮೆಕ್ಯಾನಿಕ್ ಕರೆಸಿ, ಪಕ್ಕದಲ್ಲೇ ನಿಂತು ಕೆಲಸ ಮಾಡಿಸುತ್ತೇನೆ. ಈ ಸಲ ಮಾಡಿಸಿದ್ದನ್ನು ಅಳತೆಗಳ ಸಮೇತ ಬರೆದಿಡುತ್ತಿದ್ದೇನೆ. ಕಡಲ ದಂಡೆಯಲ್ಲಿ ಎ.ಸಿ. ಸರ್ವಿಸ್ ಎಂದರೆ ಮೊದಲನೆಯದಾಗಿ ಉಪ್ಪು ತೊಳೆಯುವ ಕೆಲಸ, ಗ್ಯಾಸ್ ತುಂಬಿಸುವ ಕೆಲಸವಲ್ಲ ಎಂಬುದು ಎಷ್ಟು ಜನರಿಗೆ ತಿಳಿದರೂ ಒಳ್ಳೆಯದೇ.

ನಮ್ಮ ಮನೆ ಇರುವುದು ಕೋಡಿಬಾಗದಲ್ಲಿ. ಒಂದು ಕಡೆ ಕಾಳಿ ನದಿಯ ಅಳಿವೆ, ಇನ್ನೊಂದು ಕಡೆ ಸಮುದ್ರ. ಯಂತ್ರ ಒಂದೂವರೆ ಟನ್ನಿನ ಇನ್ವರ್ಟರ್ ಸ್ಪ್ಲಿಟ್, ತಾಮ್ರದ ಕಾಯಿಲ್ (ಗ್ಯಾಸ್ ಹರಿಯುವ ಕೊಳವೆಗಳ ಸಾಲು), ಒಳಗಿರುವ ಗ್ಯಾಸ್ ಆರ್-32. ಔಟ್‌ಡೋರ್ ಯುನಿಟ್ ಮೊದಲ ಮಹಡಿಯ ಹಿಂಗೋಡೆಗೆ, ಸಜ್ಜಾದ ಕೆಳಗೆ ಕುಳಿತಿದೆ.

ಮೊದಲು ಅಳತೆ

ಮೆಕ್ಯಾನಿಕ್ ಸದಾಶಿವಗಡದ ಕಡೆಯ ಹುಡುಗ. ಕೈ ಚುರುಕು, ಹೇಳಿದ್ದನ್ನು ಕಿವಿಗೊಟ್ಟು ಕೇಳುವ ಗುಣವೂ ಇದೆ. ಬಂದವನೇ ಚೀಲದಿಂದ ಗ್ಯಾಸಿನ ಒತ್ತಡ ಅಳೆಯುವ ಗೇಜ್ ತೆಗೆದ.

"ಮಾಸ್ತರೇ, ಮೊದಲು ಗ್ಯಾಸ್ ನೋಡಿಬಿಡಲೇ?"

"ಬೇಡ ತಮ್ಮಾ. ಮೊದಲು ಅಳೆಯೋಣ, ಆಮೇಲೆ ತೊಳೆಯೋಣ. ಗ್ಯಾಸಿನ ಮಾತು ಕೊನೆಗೆ."

ವಿಜ್ಞಾನ ಕಲಿಸುತ್ತ ತಲೆ ಹಣ್ಣಾದವನು ನಾನು. ಮೊದಲಿನ ಅಂಕಿ ಇಲ್ಲದಿದ್ದರೆ ನಂತರದ ಅಂಕಿಗೆ ಅರ್ಥವಿಲ್ಲ. ರಿಮೋಟಿನಲ್ಲಿ 18 ಡಿಗ್ರಿ ಇಟ್ಟು, ಫ್ಯಾನನ್ನು ಪೂರ್ತಿ ವೇಗಕ್ಕೆ ತಿರುಗಿಸಿ ಇಪ್ಪತ್ತು ನಿಮಿಷ ಓಡಿಸಿದೆವು. ಇನ್ವರ್ಟರ್ ಯಂತ್ರ ಕೋಣೆ ತಣಿದಂತೆಲ್ಲ ವೇಗ ಇಳಿಸಿಕೊಳ್ಳುತ್ತದೆ. ಆದ್ದರಿಂದ ಕೋಣೆ ಬಿಸಿಯಾಗಿರುವ ಮಧ್ಯಾಹ್ನವೇ, ಅದನ್ನು ಪೂರ್ತಿ ದುಡಿಸುತ್ತಲೇ ಅಳೆಯಬೇಕು. ಇಂಡೋರ್ ಯುನಿಟ್‌ನ ಮೇಲ್ಭಾಗದಲ್ಲಿ ಒಳಸೇರುವ ಗಾಳಿ 30.5 ಡಿಗ್ರಿ, ಕೆಳಗೆ ಹೊರಬರುವ ಗಾಳಿ 22 ಡಿಗ್ರಿ. ಕ್ಲ್ಯಾಂಪ್ ಮೀಟರ್ ತೋರಿಸಿದ ಕರೆಂಟು 7.9 ಆಂಪಿಯರ್. ಅಂದರೆ ಯಂತ್ರ ಹೆಚ್ಚು ಕರೆಂಟು ಎಳೆದು ಕಡಿಮೆ ತಂಪು ಕೊಡುತ್ತಿತ್ತು. ಬಿಸಿಯನ್ನು ಹೊರಗೆ ಚೆಲ್ಲಲಾಗದ ಯಂತ್ರದ ಲಕ್ಷಣ ಇದೇ.

ಗ್ಯಾಸಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಎ.ಸಿ.ಯೊಳಗಿನ ಗ್ಯಾಸ್ ಸ್ಕೂಟರಿನ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರುವ ಜಾಗ ಹುಡುಕದೆ ಪ್ರತಿ ಬೇಸಿಗೆಯೂ ತುಂಬಿಸುವುದು ಮನೆಯವರ ಜೇಬಿಗೂ ಹಾನಿ, ವಾತಾವರಣಕ್ಕೂ ಹಾನಿ. ನೂರು ವರ್ಷಗಳ ಲೆಕ್ಕದಲ್ಲಿ ಒಂದು ಕಿಲೋ ಆರ್-32 ಭೂಮಿಯನ್ನು ಬಿಸಿ ಮಾಡುವ ಶಕ್ತಿ 675 ಕಿಲೋ ಇಂಗಾಲದ ಡೈ ಆಕ್ಸೈಡಿಗೆ ಸಮ. ಹಳೆಯ ಯಂತ್ರಗಳ ಆರ್-410ಎ ಆದರೆ ಎರಡು ಸಾವಿರವನ್ನೂ ದಾಟುತ್ತದೆ. ನಮ್ಮ ನೆರೆಮನೆಯವರು ಪ್ರತಿ ವರ್ಷ ಗ್ಯಾಸ್ ತುಂಬಿಸಿ, ರಸೀದಿಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಒಂದು ರಸೀದಿಯಲ್ಲಿಯೂ ಸೋರಿಕೆ ಹುಡುಕಿದ ಉಲ್ಲೇಖವಿಲ್ಲ. ನೋಡಿ ನನಗೆ ನಿಜವಾಗಿಯೂ ಸಿಟ್ಟು ಬಂತು.

ಸುಮ್ಮನೆ ಗೇಜ್ ಹಾಕುವುದನ್ನೂ ನಾನು ಒಪ್ಪುವುದಿಲ್ಲ. ಪ್ರತಿ ಸಲ ಪೈಪು ಸಿಕ್ಕಿಸಿ ಬಿಚ್ಚುವಾಗ ಸ್ವಲ್ಪ ಗ್ಯಾಸ್ ಹೋಗುತ್ತದೆ, ಒಳಗಿನ ಪಿನ್ನು ಸರಿಯಾಗಿ ಕೂರದಿದ್ದರೆ ಅಲ್ಲಿಂದಲೇ ಹೊಸ ಸೋರಿಕೆ ಆರಂಭವಾಗುತ್ತದೆ.

ಹೊರಗಿನ ಯುನಿಟ್

ಎ.ಸಿ.ಯ ಎಂಸಿಬಿ ಸ್ವಿಚ್ಚು ಇಳಿಸಿ, ಸ್ವಲ್ಪ ಹೊತ್ತು ಕಾದೆವು. ಇನ್ವರ್ಟರ್ ಯಂತ್ರದ ಬೋರ್ಡಿನಲ್ಲಿರುವ ದೊಡ್ಡ ಕೆಪಾಸಿಟರ್‌ಗಳಲ್ಲಿ ಕರೆಂಟು ತೆಗೆದ ಮೇಲೂ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು. ಈ ಹುಡುಗ ಕಾಯದೆ ಮುಚ್ಚಳಕ್ಕೆ ಕೈ ಹಾಕುವುದಿಲ್ಲ, ಅದು ನನಗೆ ಇಷ್ಟ.

ಮುಂದಿನ ಜಾಲರಿ ಹೊಸದರಂತೆ ಹೊಳೆಯುತ್ತಿತ್ತು. ಹೆಚ್ಚಿನವರು ಅಷ್ಟನ್ನೇ ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳುತ್ತಾರೆ. ಆದರೆ ಫ್ಯಾನು ಗಾಳಿಯನ್ನು ಹಿಂದಿನಿಂದಲೂ ಪಕ್ಕದಿಂದಲೂ ಎಳೆದು ಮುಂದಕ್ಕೆ ಎಸೆಯುತ್ತದೆ. ಕಾಯಿಲ್ ಇರುವುದು ಹಿಂದೆ, ಗೋಡೆಯ ಕಡೆಗೆ. ಉಪ್ಪು, ಧೂಳು, ಜೇಡನ ಬಲೆ ಎಲ್ಲವೂ ಸೇರುವುದು ಕಣ್ಣಿಗೆ ಬೀಳದ ಆ ಬೆನ್ನಿನ ಮೇಲೆ. ನಮ್ಮಲ್ಲಿ ಸಜ್ಜಾ ಬೇರೆ ಇದೆ. ಬಯಲಲ್ಲಿರುವ ಯುನಿಟ್ಟನ್ನು ಮಳೆಯಾದರೂ ತೊಳೆಯುತ್ತದೆ. ಸಜ್ಜಾದ ಕೆಳಗಿನದಕ್ಕೆ ಉಪ್ಪುಗಾಳಿ ತಲುಪುತ್ತದೆ, ತೊಳೆಯುವ ಮಳೆ ತಲುಪುವುದಿಲ್ಲ.

ಮೇಲಿನ ಮುಚ್ಚಳ ಬಿಚ್ಚಲು ಹೋದರೆ ಮೂಲೆಯ ಎರಡು ಸ್ಕ್ರೂಗಳು ತುಕ್ಕು ಹಿಡಿದು ತಲೆಯೇ ಉಳಿದಿರಲಿಲ್ಲ, ಕೊರೆದು ತೆಗೆಯಬೇಕಾಯಿತು. ಒಳಗೆ ಬಗ್ಗಿ ಟಾರ್ಚ್ ಬಿಟ್ಟು ನೋಡಿದೆ. ಕಾಯಿಲಿನ ಮೇಲಿನ ಅರ್ಧ ಪರವಾಗಿಲ್ಲ, ಬೂದು ಧೂಳು ಅಷ್ಟೇ. ಕೆಳಗಿನ ನಾಲ್ಕು ಬೆರಳಗಲದ ಪಟ್ಟಿಯಲ್ಲಿ, ಸಮುದ್ರದ ಕಡೆಯ ಮೂಲೆಯಲ್ಲಿ, ಫಿನ್‌ಗಳ, ಅಂದರೆ ಕೊಳವೆಗೆ ಬಿಗಿದ ತೆಳು ತಗಡುಗಳ, ಅಂಚಿಗೆ ಬಿಳಿಯ ಹುಡಿ ಕಟ್ಟಿತ್ತು. ಬೆರಳಿನಿಂದ ಸವರಿದರೆ ಹುಡಿಯ ಜೊತೆ ಫಿನ್ನಿನ ತುದಿಯೂ ಉದುರಿ ಬಂತು. ನೋಡಿದವರು ಅದನ್ನೇ ಉಪ್ಪು ಎನ್ನುತ್ತಾರೆ. ಅದು ಉಪ್ಪಲ್ಲ, ಉಪ್ಪು ತಿಂದು ಬಿಟ್ಟ ಅಲ್ಯೂಮಿನಿಯಂ. ತಾಮ್ರದ ಕೊಳವೆ, ಅದಕ್ಕೆ ಬಿಗಿದ ಅಲ್ಯೂಮಿನಿಯಂ ಫಿನ್; ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ಬಂದರೆ ಅಲ್ಲೊಂದು ವಿದ್ಯುತ್ ಕೋಶವೇ ಹುಟ್ಟುತ್ತದೆ, ಮತ್ತು ಅದರಲ್ಲಿ ಕರಗುವ ಸರದಿ ಯಾವಾಗಲೂ ಅಲ್ಯೂಮಿನಿಯಮ್ಮಿನದು. ಸಾಮಾನ್ಯ ಉಪ್ಪು ಗಾಳಿಯ ತೇವಾಂಶ ಶೇ 75 ದಾಟಿದರೆ ತಾನಾಗಿಯೇ ನೀರೊಡೆಯುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಷಿಯಂ ಲವಣವೂ ಬೆರೆತಿರುವುದರಿಂದ ಅದು ಇನ್ನೂ ಕಡಿಮೆ ತೇವಕ್ಕೆ ಪಸೆಯಾಗುತ್ತದೆ. ಹಾಗಾಗಿ ಮಳೆ ನಿಂತ ಮೇಲೂ ನಮ್ಮೂರಿನಲ್ಲಿ ಈ ಸವೆತ ನಿಲ್ಲುವುದಿಲ್ಲ. ಘಟ್ಟದ ಮೇಲೆ ಶಿರಸಿಯಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಇದೇ ವಯಸ್ಸಿನ ಯಂತ್ರವಿದೆ. ಅಲ್ಲಿ ಬೂಷ್ಟಿನ ಕಾಟ ಜಾಸ್ತಿ, ಆದರೆ ಫಿನ್‌ಗಳು ಇಂದಿಗೂ ಗಟ್ಟಿ.

ಫಿನ್ನಿಗೆ ನೀಲಿ ಲೇಪವಿರುವ ಯಂತ್ರ ಕೊಂಡರೆ ಈ ಸವೆತ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಲೇಪ ಗೀರಿದ ಜಾಗದಲ್ಲಿ ಮತ್ತೆ ಅದೇ ಕಥೆ.

ತೊಳೆಯುವ ನೀರಿನ ಬಗ್ಗೆ ಒಂದು ಮಾತು. ಅಳಿವೆಯ ಬದಿಯ ನಮ್ಮ ಬಾವಿ ಬೇಸಿಗೆ ಹತ್ತಿರವಾದಂತೆ ಸವಳಾಗುತ್ತದೆ. ಆ ನೀರಿನಲ್ಲಿ ಕಾಯಿಲ್ ತೊಳೆದರೆ ಉಪ್ಪಿಗೆ ಉಪ್ಪು ಬಳಿದಂತಾಯಿತು. ಹಿಂದಿನ ದಿನವೇ ನಗರಸಭೆಯ ನಲ್ಲಿಯ ಸಿಹಿನೀರನ್ನು ಡ್ರಮ್ಮಿನಲ್ಲಿ ತುಂಬಿಸಿಟ್ಟಿದ್ದೆ. ಮೆಕ್ಯಾನಿಕ್ ಬೋರ್ಡಿನ ಪೆಟ್ಟಿಗೆಗೂ ಫ್ಯಾನಿನ ಮೋಟರಿಗೂ ಪ್ಲಾಸ್ಟಿಕ್ ಸುತ್ತಿ ಕಟ್ಟಿದ. ಪಂಪಿನ ನಳಿಕೆಯನ್ನು ಹರವಾದ ತುಂತುರಿಗೆ ತಿರುಗಿಸಿ, ಒಳಗಿನಿಂದ ಹೊರಕ್ಕೆ, ಅಂದರೆ ಗಾಳಿ ಬರುವ ದಿಕ್ಕಿಗೆ ಎದುರಾಗಿ ನೀರು ಬಿಟ್ಟ. ಹೊರಗಿನಿಂದ ಬಿಟ್ಟರೆ ಕಸವೆಲ್ಲ ಇನ್ನಷ್ಟು ಒಳಕ್ಕೆ ನುಗ್ಗಿ ನಡುವೆ ಕೂರುತ್ತದೆ. ನಳಿಕೆಯನ್ನು ಫಿನ್‌ಗಳಿಗೆ ನೇರವಾಗಿಯೇ ಹಿಡಿಯಬೇಕು, ಮೇಲಿಂದ ಕೆಳಕ್ಕೆ ಇಳಿಸಬೇಕು. ಓರೆಯಾಗಿ ಜೋರಾಗಿ ಬಿಟ್ಟರೆ ಕಾಗದದಷ್ಟು ತೆಳುವಾದ ಫಿನ್‌ಗಳು ಮಡಚಿ ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ.

ಆತನ ಸಹಾಯಕ ಒಂದು ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದ. ವಾಸನೆ ಮೂಗಿಗೆ ಬಡಿದ ಕೂಡಲೇ ತಡೆದೆ. ಆಸಿಡ್ ಬೆರೆಸಿದ ಆ ದ್ರಾವಣ ಹಾಕಿದರೆ ನೊರೆಯುಕ್ಕಿ ಕಾಯಿಲ್ ಬೆಳ್ಳಗೆ ಹೊಳೆಯುತ್ತದೆ ನಿಜ. ಹೊಳೆಯುವುದು ಕೊಳೆ ಹೋಗಿದ್ದಕ್ಕಲ್ಲ, ಲೋಹದ ಮೇಲ್ಪದರವೇ ಹೋಗಿದ್ದಕ್ಕೆ. ಈಗಾಗಲೇ ಉಪ್ಪು ತಿಂದ ಫಿನ್ನಿಗೆ ಅದನ್ನು ಹಾಕುವುದು ಅನ್ಯಾಯ. ಪಾತ್ರೆ ತೊಳೆಯುವ ಸೌಮ್ಯ ದ್ರವವನ್ನು ತುಂಬ ತೆಳ್ಳಗೆ ಕಲಸಿ ಸಿಂಪಡಿಸಿ, ಐದು ನಿಮಿಷ ಬಿಟ್ಟು, ಸಿಹಿನೀರು ಧಾರಾಳವಾಗಿ ಹರಿಸಿದೆವು. ತಳದ ತಟ್ಟೆಯಲ್ಲಿ ಗಾಳಿಮರದ ಸೂಜಿಯೆಲೆಗಳು ಮೆತ್ತೆಗಟ್ಟಿ ನೀರು ಹೋಗುವ ತೂತುಗಳನ್ನು ಮುಚ್ಚಿದ್ದವು. ತಳದ ತಗಡು ಮೊದಲು ತುಕ್ಕು ಹಿಡಿಯುವುದು ಇದರಿಂದಲೇ. ಎಲೆ ತೆಗೆದು, ತೂತು ಬಿಡಿಸಿ, ತುಕ್ಕಿನ ಕಲೆಗಳನ್ನು ಕೆರೆದು ರೆಡ್ ಆಕ್ಸೈಡ್ ಬಳಿಸಿದೆ. ಮುಚ್ಚಳಕ್ಕೆ ಸ್ಟೇನ್‌ಲೆಸ್ ಸ್ಟೀಲಿನ ಹೊಸ ಸ್ಕ್ರೂಗಳು ಬಂದವು, ಪ್ರತಿಯೊಂದಕ್ಕೂ ತುಸು ಗ್ರೀಸ್ ಸವರಿ.

ಎಣ್ಣೆಯ ಕಲೆ

ತೊಳೆಯುವ ಮುಂಚೆಯೇ ನಾನು ಒಂದು ಗುರುತು ಮಾಡಿಟ್ಟಿದ್ದೆ. ಎರಡು ಯುನಿಟ್‌ಗಳನ್ನು ಜೋಡಿಸುವ ಗ್ಯಾಸ್ ಕೊಳವೆಗಳು ಎರಡು, ಒಂದು ದಪ್ಪ, ಒಂದು ತೆಳು. ದಪ್ಪ ಕೊಳವೆ ಹೊರಗಿನ ಯುನಿಟ್ಟಿನ ವಾಲ್ವಿಗೆ ಸೇರುವಲ್ಲಿ, ಕೊಳವೆಯ ಅರಳಿಸಿದ ಬಾಯಿಯನ್ನು (ಫ್ಲೇರ್) ಬಿಗಿಹಿಡಿಯುವ ಹಿತ್ತಾಳೆಯ ಫ್ಲೇರ್ ನಟ್ಟು ಹಸಿರು ಕಿಲುಬು ಹಿಡಿದಿತ್ತು. ಉಪ್ಪುಗಾಳಿಗೆ ಅದು ಸಹಜ. ಸಹಜವಲ್ಲದ್ದು ಅದರ ಕೆಳಗಿನ ಜಿಡ್ಡು. ಉಳಿದ ಕಡೆ ಧೂಳು ಒಣಗಿದ್ದರೆ ಅಲ್ಲಿ ಮಾತ್ರ ಕಪ್ಪಗೆ, ಅಂಟಂಟಾಗಿ ಒಂದು ಬಟ್ಟಿನಷ್ಟು ಕಲೆ. ಗ್ಯಾಸಿನ ಜೊತೆ, ಅದನ್ನು ಒತ್ತಿ ಸುತ್ತಿಸುವ ಕಂಪ್ರೆಸರಿನ ಎಣ್ಣೆಯೂ ಸ್ವಲ್ಪ ಸುತ್ತುತ್ತಿರುತ್ತದೆ. ಗ್ಯಾಸ್ ಹಾರಿಹೋಗುತ್ತದೆ, ಎಣ್ಣೆ ಉಳಿದು ಧೂಳನ್ನು ಹಿಡಿದುಕೊಳ್ಳುತ್ತದೆ. ಸೋರಿಕೆ ಹುಡುಕಲು ಇದಕ್ಕಿಂತ ನಂಬಿಕೆಯ ಕುರುಹು ಇನ್ನೊಂದಿಲ್ಲ.

ಸಾಬೂನು ನೊರೆ ಹಚ್ಚಿ ನೋಡಿದ್ದು ಯಂತ್ರ ನಿಲ್ಲಿಸಿದ ಸ್ಥಿತಿಯಲ್ಲಿ. ಓಡುತ್ತಿರುವಾಗ ದಪ್ಪ ಕೊಳವೆಯಲ್ಲಿ ಒತ್ತಡ ಸುಮಾರು 135 ಪಿಎಸ್‌ಐ (ಚದರ ಇಂಚಿಗೆ ಪೌಂಡು). ನಿಂತು ಹೊತ್ತಾದ ಮೇಲೆ, 30 ಡಿಗ್ರಿಯ ಹವೆಯಲ್ಲಿ, ಅದೇ ಕೊಳವೆಯಲ್ಲಿ 260ಕ್ಕೂ ಮೇಲೆ. ಸಣ್ಣ ಸೋರಿಕೆ ಆಗ ಮಾತ್ರ ಬಾಯಿ ಬಿಡುತ್ತದೆ. ನೊರೆ ಹಚ್ಚಿ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ನಟ್ಟಿನ ಹಿಂಬದಿಯಲ್ಲಿ ಸಾಸಿವೆಯಷ್ಟು ಗುಳ್ಳೆಯೊಂದು ಎದ್ದು, ನಿಧಾನವಾಗಿ ಊದಿ, ಒಡೆಯಿತು. ಮತ್ತೆ ಅದೇ ಜಾಗದಲ್ಲಿ ಇನ್ನೊಂದು.

"ಈಗಷ್ಟೇ ಆರಂಭ ಮಾಸ್ತರೇ, ಬಿಗಿ ಮಾಡಿದರೆ ನಿಂತೀತು" ಎಂದ. ಸ್ಪ್ಯಾನರ್ ಹಾಕಿ ಎಳೆದರೂ ಗುಳ್ಳೆ ನಿಲ್ಲಲಿಲ್ಲ. ಇನ್ನೂ ಬಿಗಿದರೆ ನಟ್ಟೇ ಸೀಳೀತು. ಕೊಳವೆಯ ತುದಿಯನ್ನು ಹೊಸದಾಗಿ ಅರಳಿಸಿ, ಹೊಸ ನಟ್ಟು ಹಾಕುವುದೆಂದು ತೀರ್ಮಾನಿಸಿದೆವು. ಈಗ ಗೇಜಿಗೆ ನಿಜವಾದ ಕೆಲಸ ಬಂತು.

ಗ್ಯಾಸನ್ನು ಗಾಳಿಗೆ ಬಿಡದೆ ಔಟ್‌ಡೋರ್ ಯುನಿಟ್ಟಿನೊಳಗೇ ಎಳೆದು ಕೂಡಿಡುವುದಕ್ಕೆ ಪಂಪ್‌ಡೌನ್ ಎನ್ನುತ್ತಾರೆ. ಯಂತ್ರ ಓಡುತ್ತಿರುವಾಗ ತೆಳು ಕೊಳವೆಯ ವಾಲ್ವ್ ಮುಚ್ಚಿದರೆ, ಕಂಪ್ರೆಸರ್ ಒಳಗಿನ ಕಾಯಿಲಿನ ಗ್ಯಾಸನ್ನೆಲ್ಲ ಹೊರಕ್ಕೆ ಎಳೆದುಕೊಳ್ಳುತ್ತದೆ. ಆಮೇಲೆ ದಪ್ಪ ಕೊಳವೆಯ ವಾಲ್ವನ್ನೂ ಮುಚ್ಚಬೇಕು. ಓದಲು ಸುಲಭ, ಮಾಡುವಾಗ ಅಪಾಯವಿದೆ. ಗೇಜಿನ ಮುಳ್ಳು ಸೊನ್ನೆಗಿಂತ ಕೆಳಗಿಳಿದರೆ, ಸೋರುತ್ತಿರುವ ಆ ಜಾಗದಿಂದಲೇ ಹೊರಗಿನ ಗಾಳಿ ಒಳನುಗ್ಗುತ್ತದೆ. ಕಂಪ್ರೆಸರಿನ ಬಿಸಿಯಲ್ಲಿ ಗಾಳಿ ಮತ್ತು ಎಣ್ಣೆ ಸೇರಿ ಒತ್ತಿಹೋದರೆ ಕಂಪ್ರೆಸರ್ ಸಿಡಿಯಬಹುದು. ಮನೆಯವರು ಯಾವ ವಿಡಿಯೋ ನೋಡಿಯೂ ಇದನ್ನು ತಾವೇ ಮಾಡಲು ಹೋಗಬಾರದು. ಹುಡುಗ ಒಂದು ಕೈಯನ್ನು ಅಲೆನ್ ಕೀಯ ಮೇಲೆ, ಕಣ್ಣನ್ನು ಮುಳ್ಳಿನ ಮೇಲೆ ಇಟ್ಟು ನಿಂತ. ಮುಳ್ಳು ಸೊನ್ನೆ ಮುಟ್ಟುವ ತುಸು ಮುಂಚೆಯೇ ವಾಲ್ವ್ ಮುಚ್ಚಿ "ಬಂದ್" ಎಂದ. ಎಂಸಿಬಿಯ ಹತ್ತಿರ ನಿಂತಿದ್ದ ನಾನು ತಕ್ಷಣ ಇಳಿಸಿದೆ. ಕಿಟಕಿಗಳನ್ನೆಲ್ಲ ಮೊದಲೇ ತೆರೆದಿಟ್ಟಿದ್ದೆವು, ಒಲೆ ದೀಪ ಯಾವುದೂ ಹತ್ತಿರವಿರಲಿಲ್ಲ. ಆರ್-32 ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವ ಗ್ಯಾಸ್.

ಬಿಚ್ಚಿದ ಫ್ಲೇರನ್ನು ಬೆಳಕಿಗೆ ಹಿಡಿದು ನೋಡಿದೆ. ಅರಳಿದ ಬಾಯಿಯ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು, ಕಿರಿದಾದ ಕಡೆ ಕೂದಲೆಳೆಯಂಥ ಗೀರು. ಯಂತ್ರ ಕೂರಿಸಿದ ದಿನದಿಂದಲೇ ಇದ್ದ ಕೊರತೆ ಅದು. ತುದಿಯನ್ನು ಕತ್ತರಿಸಿ, ತಾಮ್ರದ ಚೂರು ಒಳಗೆ ಬೀಳದಂತೆ ಕೊಳವೆಯ ಬಾಯಿಯನ್ನು ಕೆಳಮುಖವಾಗಿ ಹಿಡಿದು ಅಂಚು ನಯಗೊಳಿಸಿ, ನಟ್ಟು ತೂರಿಸಿ, ಹೊಸದಾಗಿ ಅರಳಿಸಿದ. ಬಿಗಿಯುವ ಬಲವನ್ನು ಅಳೆದು ತೋರಿಸುವ ಟಾರ್ಕ್ ವ್ರೆಂಚಿನಲ್ಲಿ ಅರ್ಧ ಇಂಚಿನ ನಟ್ಟಿಗೆ ಸುಮಾರು 55 ನ್ಯೂಟನ್ ಮೀಟರ್. ತೋಳಿನ ಬಲದ ಅಂದಾಜಿನಲ್ಲಿ ಬಿಗಿಯುವವರೇ ಹೆಚ್ಚು. ವ್ರೆಂಚ್ ಇಟ್ಟುಕೊಂಡ ಮೆಕ್ಯಾನಿಕ್ ಸಿಕ್ಕಿದರೆ ಬಿಡಬೇಡಿ.

ನಂತರ ಕೊಳವೆಯೊಳಗಿನ ಗಾಳಿಯನ್ನೂ ತೇವವನ್ನೂ ಹೀರಿ ತೆಗೆಯುವ ವ್ಯಾಕ್ಯೂಮ್ ಪಂಪ್. ಇದನ್ನು ಬಿಟ್ಟು, ಸ್ವಲ್ಪ ಗ್ಯಾಸನ್ನೇ ಊದಿ ಗಾಳಿ ಹೊರತಳ್ಳಿ ಮುಗಿಸುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಕರಾವಳಿಯಲ್ಲಿ ಅದು ಬೇರೆಲ್ಲ ಕಡೆಗಿಂತ ಕೆಟ್ಟದ್ದು. ನಮ್ಮ ಗಾಳಿಯಲ್ಲಿ ನೀರು ತುಂಬಿದೆ. ಆರ್-32 ಯಂತ್ರಗಳ ಎಣ್ಣೆ ತೇವವನ್ನು ಬೇಗ ಹೀರಿಕೊಳ್ಳುವಂಥದ್ದು. ಕೆಲವು ಜಾತಿಯ ಎಣ್ಣೆ ನೀರಿನ ಜೊತೆ ಸೇರಿ ಒಳಗೇ ಆಮ್ಲವಾಗಿ ಕಂಪ್ರೆಸರಿನ ಸುರುಳಿಯನ್ನು ಹಾಳುಮಾಡುತ್ತದೆ. ಅರ್ಧ ಗಂಟೆ ಪಂಪ್ ಓಡಿ ಡಿಜಿಟಲ್ ಗೇಜ್ 500 ಮೈಕ್ರಾನ್‌ಗಿಂತ ಕೆಳಗಿಳಿಯಿತು (ಇಲ್ಲಿ ಮೈಕ್ರಾನ್ ಎಂದರೆ ಒಳಗುಳಿದ ಒತ್ತಡದ ಅಳತೆ). ಪಂಪ್ ನಿಲ್ಲಿಸಿ ಹತ್ತು ನಿಮಿಷ ಕಾದೆವು. ಅಂಕಿ ತುಸು ಏರಿ ಅಲ್ಲೇ ನಿಂತಿತು. ಏರುತ್ತಲೇ ಹೋಗಿದ್ದರೆ ಇನ್ನೂ ಸೋರಿಕೆ ಅಥವಾ ತೇವ ಉಳಿದಿದೆ ಎಂದರ್ಥ. ವಾಲ್ವ್‌ಗಳನ್ನು ತೆರೆದು ಕೂಡಿಟ್ಟ ಗ್ಯಾಸನ್ನು ಬಿಟ್ಟೆವು, ಮತ್ತೆ ನೊರೆ ಹಚ್ಚಿದೆವು. ಗುಳ್ಳೆ ಏಳಲಿಲ್ಲ.

ಉಳಿದ ಕೆಲಸ

ಇಂಡೋರ್ ಯುನಿಟ್ಟಿನ ಫಿಲ್ಟರನ್ನು ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ನಾವೇ ತೊಳೆಯುತ್ತೇವೆ, ಅದಕ್ಕೆ ಮೆಕ್ಯಾನಿಕ್ ಬೇಡ. ಒಳಗಿನ ಉರುಳೆ ಫ್ಯಾನಿಗೆ ಮಾತ್ರ ಬೇಕು. ಅದರ ಎಲೆಗಳ ಮೇಲೆ ಬೂಷ್ಟು ಕರ್ರಗೆ ಕೂತಿತ್ತು. ಯುನಿಟ್ಟಿಗೆ ಪ್ಲಾಸ್ಟಿಕ್ ಜೋಳಿಗೆ ಕಟ್ಟಿ ತೊಳೆದಾಗ ಬಕೆಟ್ಟಿಗೆ ಇಳಿದ ನೀರು ಹಾಲು ಹಾಕದ ಚಹಾದ ಬಣ್ಣಕ್ಕಿತ್ತು. ರಾತ್ರಿಯಿಡೀ ಉಸಿರಾಡುವ ಗಾಳಿ ಇದರ ಮೇಲೆ ಹಾದು ಬರುತ್ತಿತ್ತಲ್ಲ ಎನಿಸಿತು. ಮಲಗುವ ಅರ್ಧ ಗಂಟೆ ಮುಂಚೆ ಎ.ಸಿ. ಹಾಕುವವರು, ಬೆಳಿಗ್ಗೆ ಆರಿಸುವ ಮುನ್ನ ಹದಿನೈದು ನಿಮಿಷ ಬರೀ ಫ್ಯಾನ್ ಓಡಿಸಿದರೆ ಕಾಯಿಲ್ ಒಣಗಿ ಬೂಷ್ಟು ಕಡಿಮೆಯಾಗುತ್ತದೆ.

ನೀರಿನ ಕೊಳವೆಯಲ್ಲಿ ಲೋಳೆ ಕಟ್ಟಿತ್ತು. ಬೇಸಿಗೆಯ ಒಂದು ದಿನಕ್ಕೆ ಬಕೆಟ್ಟುಗಟ್ಟಲೆ ನೀರು ಇಳಿಯುವ ಊರು ನಮ್ಮದು. ಆ ಕೊಳವೆ ಕಟ್ಟಿದರೆ ನೀರು ಹಾಸಿಗೆಯ ಮೇಲೇ ಬೀಳುತ್ತದೆ. ಊದಿಸಿ, ತಟ್ಟೆಗೆ ಒಂದು ಚೊಂಬು ನೀರು ಹೊಯ್ದು ಹೊರಗೆ ಸರಾಗವಾಗಿ ಬರುವುದನ್ನು ನೋಡಿಕೊಂಡೆವು. ಬಿಸಿಲಿಗೆ ಬಿರಿದಿದ್ದ ಕೊಳವೆಯ ರಬ್ಬರ್ ಹೊದಿಕೆ ಬದಲಾಯಿತು. ವೈರು ಸೇರುವ ಜಾಗದ ಕಿಲುಬು ಕೆರೆದು ಸ್ಕ್ರೂ ಬಿಗಿಸಿದೆವು. ಬೋರ್ಡಿನ ಪೆಟ್ಟಿಗೆಯಲ್ಲಿ ಸತ್ತ ಹಲ್ಲಿಯೊಂದು ಸಿಕ್ಕಿತು. ವೈರು ಒಳಹೋಗುವ ಸಂದಿಯನ್ನು ಮುಚ್ಚಿಸಿದೆ; ಎರಡು ಟರ್ಮಿನಲ್‌ಗಳ ನಡುವೆ ಒಂದು ಹಲ್ಲಿ ಸಿಕ್ಕಿಕೊಂಡರೆ ಸಾವಿರಾರು ರೂಪಾಯಿಯ ಬೋರ್ಡು ಸುಟ್ಟುಹೋಗುತ್ತದೆ.

ಎಲ್ಲ ಮುಗಿದ ಮೇಲೆ ಅದೇ 18 ಡಿಗ್ರಿ, ಅದೇ ಫ್ಯಾನ್ ವೇಗ. ಒಳಸೇರುವ ಗಾಳಿ 30, ಹೊರಬರುವುದು 17.5. ಕರೆಂಟು 6.7 ಆಂಪಿಯರ್. ದಪ್ಪ ಕೊಳವೆಯ ಒತ್ತಡ 135 ಪಿಎಸ್‌ಐ, ಅಂದರೆ ಒಳಗಿನ ಕಾಯಿಲ್ ಏಳೆಂಟು ಡಿಗ್ರಿಯಲ್ಲಿ ಕೆಲಸ ಮಾಡುತ್ತಿದೆ. ಒಂದು ಗ್ರಾಂ ಗ್ಯಾಸನ್ನೂ ಹೊಸದಾಗಿ ಹಾಕಲಿಲ್ಲ. ಅಳತೆಗಾಗಿ 18ಕ್ಕೆ ಇಟ್ಟದ್ದೇ ಹೊರತು ನಾವು ಮಲಗುವುದು 26ರಲ್ಲಿ, ಸೀಲಿಂಗ್ ಫ್ಯಾನ್ ಜೊತೆ. 2020ರ ಜನವರಿಯಿಂದ ದೇಶದಲ್ಲಿ ಹೊಸ ಎ.ಸಿ.ಗಳು 24 ಡಿಗ್ರಿಗೆ ಹೊಂದಿಸಿಕೊಂಡೇ ಬರಬೇಕೆಂಬ ನಿಯಮವಿದೆ. ನಮ್ಮ ಸೆಕೆಗೆ ಬೇಕಿರುವುದು ಗಾಳಿಯ ಪಸೆ ಇಳಿಯುವುದು. ಅದು 26ರಲ್ಲಿಯೂ ಆಗುತ್ತದೆ.

ಸರ್ವಿಸ್‌ಗೆ 700 ರೂಪಾಯಿ, ಫ್ಲೇರ್ ಮತ್ತು ವ್ಯಾಕ್ಯೂಮ್ ಕೆಲಸಕ್ಕೆ 1,200, ನಟ್ಟು, ರಬ್ಬರ್, ಸ್ಕ್ರೂಗಳಿಗೆ 450. ಅಂಕಿಗಳನ್ನೆಲ್ಲ ಮಾರ್ಕರ್ ಪೆನ್ನಿನಲ್ಲಿ ಔಟ್‌ಡೋರ್ ಯುನಿಟ್ಟಿನ ಮುಚ್ಚಳದ ಒಳಬದಿಗೆ ಬರೆಸಿದೆ. ಮುಂದೆ ಯಾವ ಮೆಕ್ಯಾನಿಕ್ ಬಂದರೂ ಹೋಲಿಸಿ ನೋಡಬಹುದು. ಮಳೆಗಾಲದಲ್ಲಿ ಯುನಿಟ್ಟನ್ನು ಟಾರ್ಪಾಲಿನಿಂದ ಪೂರ್ತಿ ಸುತ್ತುವುದಿಲ್ಲ, ಒಳಗೆ ಹಬೆ ನಿಂತು ತುಕ್ಕು ಇಮ್ಮಡಿಯಾಗುತ್ತದೆ. ಮಳೆ ಬಿಡುವು ಕೊಟ್ಟಾಗ ಎಂಸಿಬಿ ಇಳಿಸಿ ಹಿಂಬದಿಗೆ ಸಿಹಿನೀರು ಎರಚುತ್ತೇನೆ, ಅಕ್ಟೋಬರಿನಲ್ಲಿ ಒಮ್ಮೆ ಮುಚ್ಚಳ ಬಿಚ್ಚಿಸಿ ತೊಳೆಸುತ್ತೇನೆ.

ಬಾಕಿ ಉಳಿದದ್ದು ಯುನಿಟ್ ಕೂತಿರುವ ಕಬ್ಬಿಣದ ಬ್ರಾಕೆಟ್. ಎಡಗಡೆಯದರ ಮೂಲೆ ಪದರ ಪದರವಾಗಿ ಎದ್ದಿದೆ. ಸುತ್ತಿಗೆಯಲ್ಲಿ ತಟ್ಟಿದರೆ ಸದ್ದು ಮಂದವಾಗಿದೆ. ಮೂವತ್ತು ಕಿಲೋ ಹತ್ತಿರದ ಭಾರ ಮೊದಲ ಮಹಡಿಯಿಂದ ಬಿದ್ದರೆ ಕೆಳಗೆ ನಡೆದಾಡುವವರ ಗತಿಯೇನು? ಸತು ಕರಗಿಸಿ ಅದ್ದಿದ ಹೊಸ ಬ್ರಾಕೆಟ್‌ಗಳಿಗೆ ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಅಳತೆ ಕೊಟ್ಟು ಬಂದಿದ್ದೇನೆ. ಅವು ಬರುವವರೆಗೆ ಕೆಳಗಿನ ಜಾಗಕ್ಕೆ ಹಗ್ಗ ಕಟ್ಟಿ, ಯಾರೂ ಓಡಾಡದಂತೆ ಮಾಡಿದ್ದೇವೆ.